ಎರಡನೇ ಬೀಗದ ಕೈ ಯಾರ ಹತ್ತಿರ?

ಶಿವಮೊಗ್ಗದ ವಿನೋಬನಗರದಲ್ಲಿ ನಾವು ಬಾಡಿಗೆಗಿರುವ ಮನೆಯ ಕೆಳಗಡೆ ಮಾಲೀಕರು ಒಬ್ಬರೇ ಇರುವುದು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದ ಹೆಂಗಸು. ಮಗ ಟೊರೊಂಟೊದಲ್ಲಿ, ತಂಗಿಯ ಮಗ ಬೆಂಗಳೂರಿನಲ್ಲಿ ನೆಟ್‌ವರ್ಕಿಂಗ್ ಕೆಲಸದಲ್ಲಿ. ಹಿಂದಿನ ಬೀದಿಯಲ್ಲಿ ಬೀಗ ಹಾಕಿದ್ದ ಮನೆಗೆ ಕಳ್ಳರು ನುಗ್ಗಿದ ಸುದ್ದಿ ಟೊರೊಂಟೊ ತಲುಪಿತು, ಅಲ್ಲಿಂದ ಬೆಂಗಳೂರಿಗೆ ಹೊರಳಿತು. ಶನಿವಾರ ಬೆಳಿಗ್ಗೆ ಹುಡುಗ ಕೊಟೇಶನ್ ಹಿಡಿದು ಬಂದಿಳಿದ. ಬಾಡಿಗೆ ಕೊಡಲು ಕೆಳಗೆ ಹೋದ ನನ್ನನ್ನು ಇಬ್ಬರೂ ತಮ್ಮ ಕಡೆಯ ಸಾಕ್ಷಿಯೆಂದು ಕೂರಿಸಿಕೊಂಡರು. ಸಾಕ್ಷಿ ಬಾಯಿ ಬಿಟ್ಟದ್ದು ಕಡಿಮೆ.

ದೊಡ್ಡಮ್ಮ: ಎಂಟು ಕ್ಯಾಮೆರಾನಾ? ನಾನು ಸೇರಿದ ಕಾಲಕ್ಕೆ ನಮ್ಮ ಇಡೀ ಶಾಖೆಯಲ್ಲಿ ಒಂದೂ ಇರಲಿಲ್ಲ ಮಾರಾಯ. ಇಲ್ಲಿ ಕದಿಯೋದಕ್ಕೆ ಏನಿದೆ, ನನ್ನ ಗ್ರೈಂಡರ್ರಾ?

ಹುಡುಗ: ಏನಿದೆ, ಏನಿಲ್ಲ ಅಂತ ಕಳ್ಳನಿಗೆ ಗೊತ್ತಾಗೋದು ಒಳಗೆ ಬಂದ ಮೇಲೆ ದೊಡ್ಡಮ್ಮ. ಚಿನ್ನ ಲಾಕರಿನಲ್ಲಿದೆ ಅಂತ ಗೇಟಿಗೆ ಬೋರ್ಡು ಹಾಕಿದ್ದೀರಾ? ಅವನು ಬರೋದು ಊಹೆಯ ಮೇಲೆ. ಊಹೆ ತಪ್ಪಿದ ಸಿಟ್ಟನ್ನು ನಿಮ್ಮ ಮೇಲೆ ತೀರಿಸಿಕೊಂಡರೆ?

ದೊಡ್ಡಮ್ಮ: ಅವನು ಊಹೆ ಮಾಡಲ್ಲ, ಓದ್ತಾನೆ. ಹಿಂದಿನ ಬೀದಿಯವರು ತಿರುಪತಿಗೆ ಹೋಗಿದ್ದರು. ಬಾಗಿಲ ಮುಂದೆ ಮೂರು ದಿನ ರಂಗೋಲಿ ಇಲ್ಲ. ಪೇಪರಿನವನಿಗೆ ಹೇಳಿಲ್ಲ, ಪೇಪರು ಜಗಲಿ ಮೇಲೆ ರಾಶಿ. ಗ್ರಿಲ್ಲಿಗೆ ಬೀದಿಗೆಲ್ಲ ಕಾಣೋ ಹಾಗೆ ಹಿತ್ತಾಳೆ ಬೀಗ. ಇನ್ನೇನು ಬೇಕು, ಆಮಂತ್ರಣ ಪತ್ರಿಕೆಯೇ ಅಚ್ಚು ಹಾಕಿಸಬೇಕಿತ್ತಾ?

ಹುಡುಗ: ಅದಕ್ಕೇ ಕ್ಯಾಮೆರಾ ಬೇಕು ಅಂದಿದ್ದು.

ದೊಡ್ಡಮ್ಮ: ಅವರ ಮನೇಲೂ ಇತ್ತು, ಮುಂದುಗಡೆ. ಅದರಲ್ಲಿ ಸಿಕ್ಕಿದ್ದು ಪೇಪರ್ ಹಾಕೋ ಹುಡುಗ. ಮುಂಬಾಗಿಲು ತೇಗದ್ದು, ಎರಡು ಲಾಕು. ಕಳ್ಳ ಬಂದಿದ್ದು ಹಿತ್ತಲಿಂದ. ಅಲ್ಲಿದ್ದಿದ್ದು ಮಳೆನೀರಿಗೆ ಉಬ್ಬಿದ ಫ್ಲಶ್ ಡೋರು, ಅದಕ್ಕೊಂದು ಅಲ್ಯೂಮಿನಿಯಂ ಚಿಲಕ, ಚಿಲಕಕ್ಕೆ ಅರ್ಧ ಇಂಚಿನ ಸ್ಕ್ರೂ. ನಾನೇ ಹೋಗಿ ನೋಡಿದೆನಲ್ಲ. ಚಿಲಕಕ್ಕೆ ಏನೂ ಆಗಿಲ್ಲ, ಹೊಸದರ ಹಾಗೆ ಹೊಳೀತಿದೆ. ಚೌಕಟ್ಟಿನಿಂದ ಸ್ಕ್ರೂ ಸಮೇತ ಕಿತ್ತು ನೆಲಕ್ಕೆ ಬಿದ್ದಿತ್ತು, ತೂತಿನಲ್ಲಿ ಗೆದ್ದಲು ತಿಂದ ಪುಡಿ.

ಹುಡುಗ: ಅಂದರೆ ಹಿಂದುಗಡೆಯೂ ಒಂದು ಕ್ಯಾಮೆರಾ ಹಾಕಬೇಕಿತ್ತು ಅಂತಾಯ್ತು.

ದೊಡ್ಡಮ್ಮ: ಹಿಂದುಗಡೆ ಬಾಗಿಲು ಹಾಕಬೇಕಿತ್ತು ಅಂತಾಯ್ತು.

ಹುಡುಗ: ಸರಿ, ಬಾಗಿಲು ಹಾಕಿಸೋಣ. ಹೊನ್ನೆಯದೋ ಸಾಗುವಾನಿಯದೋ, ಒಳಗೆ ಅಡ್ಡಪಟ್ಟಿ, ಮೇಲೆ ಕೆಳಗೆ ಟವರ್ ಬೋಲ್ಟು. ಆದರೂ ಹಾರೆ ಹಿಡಿದು ಬಂದವನಿಗೆ ಎಂಥ ಬಾಗಿಲೂ ಕೊನೆಗೆ ತೆರೆದುಕೊಳ್ಳುತ್ತೆ. ಗಟ್ಟಿ ಬಾಗಿಲು ನಮಗೆ ಕೊಡೋದು ಹತ್ತು ನಿಮಿಷ ಹೊತ್ತು. ಆ ಹತ್ತು ನಿಮಿಷದಲ್ಲಿ ಯಾರಿಗಾದರೂ ಗೊತ್ತಾಗಬೇಕಲ್ಲ? ಬಾಗಿಲಿಗೆ ಒಂದು ಆಯಸ್ಕಾಂತ, ಚೌಕಟ್ಟಿಗೆ ಒಂದು ಸ್ವಿಚ್ಚು. ಎರಡೂ ದೂರ ಆದ ಕೂಡಲೇ ಸೈರನ್. ಇದು ಹಳೇ ತಂತ್ರ, ಕಡಿಮೆ ಖರ್ಚು, ಕೆಡೋದೂ ಕಡಿಮೆ.

ದೊಡ್ಡಮ್ಮ: ಸೈರನ್ ಕೂಗಿದರೆ ಬರೋರು ಯಾರು? ಮೂಲೆಮನೆಯವರ ಕಾರು ಬೆಕ್ಕು ಹತ್ತಿದರೂ ಕೂಗುತ್ತೆ. ಯಾರಾದರೂ ಕಿಟಕಿ ತೆಗೆದು ನೋಡಿದ್ದಾರಾ?

ಹುಡುಗ: ನನ್ನ ಫೋನಿಗೆ ಬರುತ್ತೆ, ಅಣ್ಣನ ಫೋನಿಗೆ ಬರುತ್ತೆ. ನಾನು ಬೆಂಗಳೂರಿಂದ 112ಕ್ಕೆ ಫೋನ್ ಮಾಡಿ ವಿಳಾಸ ಹೇಳ್ತೀನಿ.

ದೊಡ್ಡಮ್ಮ: ಅವನು ಟೊರೊಂಟೊದಿಂದ ಮಾಡಿದರೆ ಅಲ್ಲಿನ ಪೊಲೀಸರು ಹಿಮದಲ್ಲಿ ಹೊರಟಾರು! ಅದೆಲ್ಲ ಯಾಕೆ, ಮೇಲೆ ಇವರಿಲ್ಲವಾ?

ನನ್ನ ಕಡೆ ಕೈ ತೋರಿಸಿದರು. ನಡುರಾತ್ರಿ ಸೈರನ್ ಕೂಗಿದರೆ ನಾನು ಕೆಳಗೆ ಓಡುತ್ತೇನೋ, ಮೊದಲು ನಮ್ಮ ಬಾಗಿಲ ಚಿಲಕ ಹಾಕಿಕೊಳ್ಳುತ್ತೇನೋ ಎಂದು ನನಗೇ ಅನುಮಾನ. ಸುಮ್ಮನೆ ತಲೆಯಾಡಿಸಿದೆ.

ಹುಡುಗ: ಇವರು ಊರಿಗೆ ಹೋದ ದಿನ? ದೊಡ್ಡಮ್ಮ, ಅಕ್ಕಪಕ್ಕದವರನ್ನು ನಂಬೋದು ಬೇರೆ, ಅವರ ಮೇಲೆ ಡ್ಯೂಟಿ ಹಾಕೋದು ಬೇರೆ. ಎದುರುಮನೆಯವರು ಈಗ ಎಲ್ಲಿದ್ದಾರೆ? ಮಗಳ ಮನೆ ಸೇರಿ ಆರು ತಿಂಗಳಾಯಿತು. ನೀವು ಹೇಳೋ ಬೀದಿ ಈಗ ಅರ್ಧ ಖಾಲಿ.

ದೊಡ್ಡಮ್ಮ: ಅದು ನಿಜ.

ಹುಡುಗ: ಬ್ಯಾಂಕು ಬ್ಯಾಂಕು ಅಂತೀರಲ್ಲ, ನ್ಯಾಮತಿ ನೆನಪಿದೆಯಾ?

ದೊಡ್ಡಮ್ಮ: ಇಲ್ಲದೆ ಏನು? ಇಲ್ಲಿಂದ ಎಷ್ಟು ದೂರ! ಆ ವಾರ ನನಗೆ ಊಟ ಸೇರಲಿಲ್ಲ.

2024ರ ಅಕ್ಟೋಬರ್ ಕೊನೆಯ ವಾರದ ಆ ಕಳವು ಈ ಭಾಗದಲ್ಲಿ ಇನ್ನೂ ಕಥೆಯಾಗಿಯೇ ಉಳಿದಿದೆ. ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯ ಕಿಟಕಿಯ ಸರಳು ತೆಗೆದು ಒಳಹೊಕ್ಕವರು ಗ್ಯಾಸ್ ಕಟ್ಟರ್‌ನಿಂದ ಲಾಕರ್ ಕೊರೆದು ಹದಿನೇಳೂವರೆ ಕಿಲೋಗೂ ಹೆಚ್ಚು ಅಡವಿನ ಚಿನ್ನ ಹೊತ್ತೊಯ್ದರು. ನಾಯಿಗೆ ವಾಸನೆ ಸಿಗದಿರಲೆಂದು ಖಾರದ ಪುಡಿ ಎರಚಿದರು. ಹೋಗುವಾಗ ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನೂ ಎತ್ತಿಕೊಂಡು ಹೋದರು. ಪೊಲೀಸರು ಅವರನ್ನು ಹಿಡಿದು, ತಮಿಳುನಾಡಿನ ಮದುರೆ ಜಿಲ್ಲೆಯ ಬಾವಿಯೊಂದರಿಂದ ಚಿನ್ನ ಮೇಲೆತ್ತುವ ಹೊತ್ತಿಗೆ ಐದು ತಿಂಗಳಾಗಿತ್ತು.

ಹುಡುಗ: ನೋಡಿ, ಅಷ್ಟು ದೊಡ್ಡ ಬ್ಯಾಂಕು ತನ್ನ ಕಣ್ಣನ್ನೇ ಕಳ್ಳನ ಕೈಗೆ ಕೊಟ್ಟು ಕೂತಿತು. ರೆಕಾರ್ಡಿಂಗ್ ಇದ್ದಿದ್ದೇ ಆ ಪೆಟ್ಟಿಗೆಯಲ್ಲಿ. ಅದರ ಒಂದು ಪ್ರತಿ ಹೊರಗೆಲ್ಲೋ ಕ್ಲೌಡಿನಲ್ಲಿ ಇದ್ದಿದ್ದರೆ?

ದೊಡ್ಡಮ್ಮ: ನೀನು ಪೆಟ್ಟಿಗೆ ನೋಡ್ತೀಯ, ನಾನು ಕಿಟಕಿ ನೋಡ್ತೀನಿ. ಸರಳು ಗಟ್ಟಿ ಇದ್ದಿದ್ದರೆ ಪೆಟ್ಟಿಗೆವರೆಗೆ ಬರ್ತಿದ್ದನಾ?

ಹುಡುಗ: ನಿಮ್ಮ ಸ್ಟ್ರಾಂಗ್ ರೂಮಿನ ಡೂಪ್ಲಿಕೇಟ್ ಬೀಗದ ಕೈ ಎಲ್ಲಿ ಇಡ್ತಿದ್ದಿರಿ?

ದೊಡ್ಡಮ್ಮ: ಇನ್ನೊಂದು ಶಾಖೆಯಲ್ಲಿ. ಅರಗಿನ ಮುದ್ರೆ ಒತ್ತಿದ ಕವರಿನಲ್ಲಿ.

ಹುಡುಗ: ಯಾಕೆ? ನಿಮ್ಮ ಶಾಖೆಯ ಬೀರುವಿನಲ್ಲೇ ಇಡಬಹುದಿತ್ತಲ್ಲ?

ದೊಡ್ಡಮ್ಮ: ಬೆಂಕಿ ಬಿದ್ದರೆ, ದರೋಡೆ ಆದರೆ ಎರಡೂ ಒಟ್ಟಿಗೇ ಹೋಗುತ್ತಲ್ಲ ಅಂತ... ಹೂಂ. ಕ್ಲೌಡು ಅಂದರೆ ಇದೇ ಅಂತೀಯಾ?

ಹುಡುಗ: ಇದೇ.

ದೊಡ್ಡಮ್ಮ: ಆಯ್ತು, ಒಪ್ಪಿದೆ. ಆದರೆ ಆ ಶಾಖೆ ಯಾವುದು, ಮ್ಯಾನೇಜರ್ ಯಾರು, ಯಾವ ರಿಜಿಸ್ಟರಿನಲ್ಲಿ ಬರೆದಿದೆ ಅಂತ ನನಗೆ ಗೊತ್ತಿರ್ತಿತ್ತು. ನಿನ್ನ ಕ್ಲೌಡು ಯಾವ ಊರಲ್ಲಿದೆ?

ಹುಡುಗ: ...ಕಂಪನಿ ಮೇಲೆ ಹೋಗುತ್ತೆ.

ದೊಡ್ಡಮ್ಮ: ತಿಂಗಳಾ ತಿಂಗಳಾ ಬಾಡಿಗೆ ಬೇರೆ. ಕಾರ್ಡಿನ ಅವಧಿ ಮುಗಿದು ದುಡ್ಡು ಕಟ್ ಆಗದ ತಿಂಗಳಲ್ಲೇ ಕಳ್ಳ ಬಂದರೆ?

ಹುಡುಗ: ಅದಕ್ಕೇ ಎರಡೂ ಇರಲಿ ಅಂತೀನಿ. ಡಿವಿಆರ್ ಟಿವಿ ಕೆಳಗೆ ಬೇಡ, ಅಟ್ಟದಲ್ಲಿ ಹಳೇ ಟ್ರಂಕಿನ ಹಿಂದೆ ಇಡೋಣ, ಗಾಳಿಯಾಡೋ ಹಾಗೆ. ಅಲುಗಾಟ ಕಂಡ ತುಣುಕು ಮಾತ್ರ ಕ್ಲೌಡಿಗೆ ಹೋಗಲಿ. ರೌಟರಿಗೆ ಒಂದು ಸಣ್ಣ ಯುಪಿಎಸ್, ಇಲ್ಲವಾದರೆ ಮೆಸ್ಕಾಂನವರು ಕರೆಂಟು ತೆಗೆದ ಕೂಡಲೇ ಎಲ್ಲಾ ಕುರುಡು.

ದೊಡ್ಡಮ್ಮ: ಡಿಸ್ಕಿನಲ್ಲಿ ಎಷ್ಟು ದಿನದ್ದು ಉಳಿಯುತ್ತೆ? ಕೊಟೇಶನ್ನಲ್ಲಿ 1 ಟಿಬಿ ಅಂತಿದೆ.

ಹುಡುಗ: ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಅಂದುಕೊಳ್ಳಿ. ದಿನಕ್ಕೆ ಹತ್ತಿರ ಹತ್ತಿರ 22 ಜಿಬಿ.

ದೊಡ್ಡಮ್ಮ: ಎಂಟಕ್ಕೆ 176. ಸಾವಿರಕ್ಕೆ ಭಾಗಿಸು. ಆರು ದಿನವೂ ಇಲ್ಲವಲ್ಲೋ! ನಾನು ಹತ್ತು ದಿನ ಕಾಶಿಗೆ ಹೋಗಿ ಬರೋದರೊಳಗೆ ಎರಡನೇ ದಿನ ಬಂದ ಕಳ್ಳ ಅಳಿಸಿಹೋಗಿರ್ತಾನೆ. ಮೂರೇ ಹಾಕಿದರೆ ಹದಿನೈದು ದಿನ ಉಳಿಯುತ್ತೆ.

ಪೆನ್ನು ಕಾಗದ ಮುಟ್ಟದೆ ಹೇಳಿದ ಲೆಕ್ಕ. ಹುಡುಗ ಫೋನಿನ ಕ್ಯಾಲ್ಕ್ಯುಲೇಟರ್ ತೆಗೆದು ನೋಡಿ ಒಳಗಿಟ್ಟ. ಮಾರುವವನು ಕ್ಯಾಮೆರಾಗಳ ಸಂಖ್ಯೆಯಿಂದ ಶುರುಮಾಡುತ್ತಾನೆ. ಎಷ್ಟು ದಿನದ್ದು ಉಳಿಯಬೇಕು ಎಂದು ಕೊಳ್ಳುವವನೂ ಕೇಳುವುದು ಅಪರೂಪ.

ಹುಡುಗ: ದೊಡ್ಡ ಡಿಸ್ಕ್ ಹಾಕಿಸಬಹುದು. ಜನ ಸೇರೋ ಮಾಲು, ಕಲ್ಯಾಣಮಂಟಪಗಳಿಗೆ 2017ರ ಕಾನೂನಿನಲ್ಲಿ ಮೂವತ್ತು ದಿನದ ರೆಕಾರ್ಡಿಂಗ್ ಇಡಬೇಕು ಅಂತಿದೆ. ಮನೆಗಳಿಗೆ ಅಂಥದ್ದೇನಿಲ್ಲ. ಆದರೂ ಎಂಟು ಜಾಸ್ತಿ ಅನ್ನೋದನ್ನ ಒಪ್ತೀನಿ.

ದೊಡ್ಡಮ್ಮ: ಇನ್ನೊಂದು ಹೇಳು. ಗೇಟಿನ ಹತ್ತಿರ ಬಂದವನ ಮುಖ ಇದರಲ್ಲಿ ಗುರುತು ಸಿಗುತ್ತಾ? ಹಿಂದಿನ ಬೀದಿಯವರದ್ದರಲ್ಲಿ ಪೊಲೀಸರಿಗೆ ತೋರಿಸಿದ್ದು ಬರೀ ಟೋಪಿಯ ಮೇಲುಭಾಗ.

ಹುಡುಗ: ಮೊದಲ ಮಹಡಿಯ ಸಜ್ಜಾಕ್ಕೆ ಹಾಕಿಸಿದ್ದರು, ಅದಕ್ಕೇ ಟೋಪಿ ಸಿಕ್ಕಿದ್ದು. ಗೊತ್ತಿಲ್ಲದವನ ಮುಖ ಗುರುತಿಸೋಕೆ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಅಂತ ಅಂತರರಾಷ್ಟ್ರೀಯ ಲೆಕ್ಕ ಇದೆ. ಅಂಗಡಿಯವರು ಕೊಡೋ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಚಿತ್ರದ ಅಗಲ 1920 ಪಿಕ್ಸೆಲ್. ಅಂದರೆ ಏಳೂವರೆ ಮೀಟರ್ ಅಗಲದ ನೋಟಕ್ಕೆ ಮಾತ್ರ ಸಾಕು. 2.8 ಎಂಎಂ ಲೆನ್ಸು ಇಡೀ ಅಂಗಳ ತೋರಿಸುತ್ತೆ ಅಂತ ಎಲ್ಲರಿಗೂ ಇಷ್ಟ. ಆದರೆ ಅಷ್ಟು ಅಗಲ ನೋಡೋ ಲೆನ್ಸು ಮುಖ ಗುರುತು ಹಿಡಿಯೋದು ಹತ್ತು ಅಡಿವರೆಗೆ ಮಾತ್ರ. 6 ಎಂಎಂ ಹಾಕಿದರೆ ನೋಟ ಕಿರಿದು, ಗುರುತು ಇಪ್ಪತ್ತೈದು ಅಡಿವರೆಗೆ.

ದೊಡ್ಡಮ್ಮ: ಇದನ್ನ ಅಂಗಡಿಯವನು ಹೇಳಿದನಾ?

ಹುಡುಗ: ಇಲ್ಲ. ಅವನು ಹೇಳಿದ್ದು ‘ಫುಲ್ ಎಚ್‌ಡಿ’ ಅಂತ.

ದೊಡ್ಡಮ್ಮ: ರಾತ್ರಿ?

ಹುಡುಗ: ರಾತ್ರಿ ಇನ್ಫ್ರಾರೆಡ್. ಹತ್ತಿರ ಬಂದರೆ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತೆ, ದೂರ ಹೋದರೆ ಕತ್ತಲು. ಇನ್ನೊಂದು ತೊಂದರೆ ಇದೆ, ನಮ್ಮ ಕಡೆಗಂತೂ ಹೆಚ್ಚು. ಆ ಬೆಳಕಿಗೆ ಹುಳ ಬರ್ತವೆ, ಹುಳಕ್ಕೆ ಜೇಡ ಬರುತ್ತೆ. ಲೆನ್ಸಿನ ಮುಂದೆಯೇ ಬಲೆ ನೇಯುತ್ತೆ. ಗಾಳಿಗೆ ಎಳೆ ಅಲ್ಲಾಡಿದರೂ ಫೋನು ‘ಮನುಷ್ಯರು ಕಾಣಿಸಿಕೊಂಡಿದ್ದಾರೆ’ ಅಂತ ಕೂಗುತ್ತೆ. ನನ್ನ ಸ್ನೇಹಿತರ ತೀರ್ಥಹಳ್ಳಿ ಮನೆಯಲ್ಲಿ ಮಳೆಗಾಲ ಪೂರ್ತಿ ಹೀಗೇ ಆಗಿ, ಕಡೆಗೆ ಅವರು ನೋಟಿಫಿಕೇಶನ್ನೇ ಬಂದ್ ಮಾಡಿಟ್ಟರು.

ದೊಡ್ಡಮ್ಮ: ಬಂದ್ ಮಾಡಿದ ಮೇಲೆ ಅದು ಇದ್ದೂ ಸತ್ತ ಹಾಗೆ.

ಹುಡುಗ: ವಾರಕ್ಕೊಂದು ಸಲ ಕಡ್ಡಿಗೆ ಬಟ್ಟೆ ಸುತ್ತಿ ಒರೆಸಬೇಕು. ಅಷ್ಟೇ ಕೆಲಸ. ಜೊತೆಗೆ ಜಗಲಿಯಲ್ಲಿ ಮಾಮೂಲಿ ಎಲ್‌ಇಡಿ ಬಲ್ಬು ಉರೀತಿದ್ದರೆ ಬಣ್ಣದಲ್ಲೇ ಕಾಣುತ್ತೆ.

ದೊಡ್ಡಮ್ಮ: ಬಲ್ಬು ಉರಿದರೆ ನನಗೂ ಕಾಣುತ್ತೆ. ಸರಿ, ಗೇಟಿಗೊಂದು, ಹಿತ್ತಲಿಗೊಂದು ಒಪ್ಪಿದೆ. ಸರ ಕೀಳೋ ಬೈಕಿನವರು ಓಡಾಡಿದರೆ ಬೀದಿಗೂ ಉಪಕಾರ, ಪೊಲೀಸರು ಮನೆ ಮನೆ ತಿರುಗಿ ಅದನ್ನೇ ಕೇಳ್ತಾರೆ. ಆದರೆ ಗೇಟಿಂದು ಎದುರುಮನೆ ಕಡೆ ತಿರುಗಬಾರದು. ಅವರ ಬಾಡಿಗೆ ಕೋಣೆಯಲ್ಲಿ ನರ್ಸಿಂಗ್ ಓದೋ ಹುಡುಗಿಯರಿದ್ದಾರೆ. ಅವರು ಎಷ್ಟು ಹೊತ್ತಿಗೆ ಬಂದರು ಅಂತ ನಮ್ಮ ಡಿಸ್ಕಿನಲ್ಲಿ ಯಾಕಿರಬೇಕು?

ಹುಡುಗ: ಅಷ್ಟು ಭಾಗ ಕಪ್ಪು ಮಾಡಿಬಿಡಬಹುದು, ಸೆಟ್ಟಿಂಗಿನಲ್ಲಿ ಇರುತ್ತೆ. ಆದರೆ ದೊಡ್ಡಮ್ಮ, ಬೀದಿ ಎಲ್ಲರದ್ದು. ಬೀದಿಯಲ್ಲಿ ನಡೆಯೋರನ್ನು ಜನ ನೋಡೇ ನೋಡ್ತಾರೆ, ನೀವೂ ಜಗಲಿ ಮೇಲೆ ಕೂತು ನೋಡ್ತೀರಿ.

ದೊಡ್ಡಮ್ಮ: ನಾನು ನೋಡಿದರೆ ಅವರೂ ನನ್ನ ನೋಡ್ತಾರೆ. ‘ಊಟ ಆಯ್ತಾ ಆಂಟಿ’ ಅಂತಾರೆ. ನಾಳೆಗೆ ನನಗೆ ಮರೆತೂ ಹೋಗಿರುತ್ತೆ. ನಿನ್ನ ಪೆಟ್ಟಿಗೆ ಮರೆಯಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಯಾರ ಕೇಸಿನಲ್ಲಿ ಗೊತ್ತಾ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಅವರು ಅರ್ಜಿ ಹಾಕಿದಾಗ ಎಂಬತ್ತು ದಾಟಿತ್ತು. ಮುದುಕರಿಗೆ ಅದರ ಬೆಲೆ ಗೊತ್ತು ಕಣೋ.

ಹುಡುಗ: ಅದು ಸರ್ಕಾರದ ವಿರುದ್ಧದ ಕೇಸು. 2023ರ ಡೇಟಾ ಕಾನೂನು ಮನೆಬಳಕೆಯ ಮಾಹಿತಿಯನ್ನು ಹೊರಗಿಟ್ಟಿದೆ. ನಿಮ್ಮ ಮನೆಗೆ ನೀವು ಹಾಕಿಸಿಕೊಂಡರೆ ಯಾರ ಅಪ್ಪಣೆಯೂ ಬೇಕಿಲ್ಲ.

ದೊಡ್ಡಮ್ಮ: ಕಾನೂನು ಬಿಟ್ಟಿದೆ ಅಂತ ಎದುರುಮನೆ ಹುಡುಗಿಯರು ಬಿಡ್ತಾರಾ? ಅದಿರಲಿ, ಆರನೇ ಸಾಲು ಓದು. ‘ಹಾಲ್: 1’. ಹಾಲಿಗೆ ಕ್ಯಾಮೆರಾ ಯಾಕೆ?

ಹುಡುಗ: ಅಣ್ಣ ಹೇಳಿದ್ದು.

ದೊಡ್ಡಮ್ಮ: ಕಳ್ಳ ಬರ್ತಾನೆ ಅಂತಲೋ, ಅಮ್ಮ ಇದ್ದಾಳಾ ಅಂತಲೋ?

ಇಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದವನು ಕೊಟೇಶನ್ನನ್ನು ಮಡಚಿ ಬಿಡಿಸಿದ.

ಹುಡುಗ: ಎರಡೂ.

ದೊಡ್ಡಮ್ಮ: ಹಾಗಾದರೆ ಅದನ್ನ ಕಳ್ಳನ ಖಾತೆಗೆ ಯಾಕೆ ಹಾಕಿದಿರಿ? ಬೇರೆ ಖಾತೆಯ ಖರ್ಚು ಅದು. ನನ್ನ ಹತ್ತಿರ ನೇರ ಕೇಳಬೇಕಿತ್ತು.

ಹುಡುಗ: ನೇರ ಕೇಳಿದರೆ ‘ನನಗೇನಾಗಿದೆ’ ಅಂತೀರಿ. ಹೋದ ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿರಿ. ಎರಡು ದಿನ ಯಾರಿಗೂ ಹೇಳಲಿಲ್ಲ. ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಅಣ್ಣನ ಜೊತೆ ವಿಡಿಯೋ ಕಾಲಿನಲ್ಲಿ ನಗ್ತಾ ಮಾತಾಡಿದಿರಿ. ಮೇಲಿದ್ದವರಿಗೂ ಗೊತ್ತಿಲ್ಲ.

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಕ್ಕಪಕ್ಕದವರ ಮೇಲೆ ಡ್ಯೂಟಿ ಹಾಕಬೇಡಿ ಎಂದು ಆತ ಆಗ ಹೇಳಿದ್ದು ಯಾಕೆಂದು ಈಗ ತಿಳಿಯಿತು.

ದೊಡ್ಡಮ್ಮ: ಬಚ್ಚಲಿಗೂ ಕ್ಯಾಮೆರಾ ಹಾಕ್ತೀಯಾ?

ಹುಡುಗ: ಇಲ್ಲ. ಆದರೆ ಹಾಲಿನಲ್ಲಿದ್ದರೆ, ಒಳಗೆ ಹೋದವರು ಅರ್ಧ ಗಂಟೆ ಆದರೂ ಹೊರಗೆ ಬಂದಿಲ್ಲ ಅಂತ ತಿಳಿಯುತ್ತೆ.

ದೊಡ್ಡಮ್ಮ: ಅದೇ ಕಣೋ. ನಾನು ಎಷ್ಟು ಸಲ ಬಚ್ಚಲಿಗೆ ಹೋದೆ, ಮಧ್ಯಾಹ್ನ ಎಷ್ಟು ಹೊತ್ತು ಮಲಗಿದೆ, ಸಕ್ಕರೆ ಡಬ್ಬಕ್ಕೆ ಎಷ್ಟು ಸಲ ಕೈ ಹಾಕಿದೆ ಅಂತ ಟೊರೊಂಟೊದಲ್ಲಿ ಲೆಡ್ಜರ್ ಬರೆದುಕೊಳ್ಳೋದು ಬೇಡ. ಈ ಮನೆಯಲ್ಲಿ ನಾನು ಮೊದಲ ಸಲ ನನ್ನಿಷ್ಟದ ಹಾಗೆ ಇರೋಕೆ ಶುರು ಮಾಡಿದ್ದೇ ರಿಟೈರಾದ ಮೇಲೆ.

ಹುಡುಗ: ಒಬ್ಬರೇ ಇರೋ ಹೆಂಗಸಿನ ಭಯದಿಂದಲೇ ಈ ಇಡೀ ಯಂತ್ರ ಹುಟ್ಟಿದ್ದು, ಗೊತ್ತಾ? ನ್ಯೂಯಾರ್ಕಿನಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಅಂತ ಒಬ್ಬರು ನರ್ಸ್. ಗಂಡ ಎಲೆಕ್ಟ್ರಾನಿಕ್ಸ್ ಟೆಕ್ನೀಷಿಯನ್. ಇಬ್ಬರದ್ದೂ ಹೊತ್ತುಗೊತ್ತಿಲ್ಲದ ಕೆಲಸ, ಬೀದಿ ಸರಿಯಿಲ್ಲ, ಪೊಲೀಸರನ್ನು ಕರೆದರೆ ಬರೋದು ತಡ. ಬಾಗಿಲಿಗೆ ನಾಲ್ಕು ಎತ್ತರದಲ್ಲಿ ಇಣುಕುಕಿಂಡಿ, ಅವುಗಳ ಮುಂದೆ ಮೇಲೆ ಕೆಳಗೆ ಜಾರೋ ಕ್ಯಾಮೆರಾ, ಒಳಗೆ ಟಿವಿ, ಪೊಲೀಸರನ್ನು ಎಚ್ಚರಿಸೋಕೆ ಒಂದು ಗುಂಡಿ. 1966ರಲ್ಲಿ ಗಂಡ ಹೆಂಡತಿ ಸೇರಿ ಪೇಟೆಂಟಿಗೆ ಅರ್ಜಿ ಹಾಕಿದರು, 1969ರಲ್ಲಿ ಸಿಕ್ಕಿತು.

ದೊಡ್ಡಮ್ಮ: ಟಿವಿ ಎಲ್ಲಿತ್ತು?

ಹುಡುಗ: ಆಕೆಯ ಮಲಗೋ ಕೋಣೆಯಲ್ಲಿ.

ದೊಡ್ಡಮ್ಮ: ಹಂಗೆ ಹೇಳು. ಕ್ಯಾಮೆರಾ ನೋಡಿದ್ದು ಬಾಗಿಲಾಚೆ. ನೋಡಿದವಳು ಆಕೆ, ಗುಂಡಿ ಇದ್ದಿದ್ದೂ ಆಕೆ ಕೈಯಲ್ಲಿ. ಅಂಥದ್ದೊಂದು ತಂದುಕೊಡು, ನಾಳೆಯೇ ಹಾಕಿಸ್ತೀನಿ. ನೀನು ತಂದಿರೋದು ಉಲ್ಟಾ.

ಹುಡುಗ: ಸರಿ, ಕ್ಯಾಮೆರಾ ಬೇಡ. ಅಲುಗಾಟ ಮಾತ್ರ ತಿಳಿಯೋ ಸೆನ್ಸರ್ ಇದೆ, ಮೈಶಾಖ ಗುರುತಿಸುತ್ತೆ, ಚಿತ್ರ ತೆಗೆಯಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮನೆಯಲ್ಲಿ ಅಲುಗಾಟ ಇಲ್ಲ ಅಂದರೆ ನನಗೂ ಅಣ್ಣನಿಗೂ ಒಂದು ಮೆಸೇಜು.

ದೊಡ್ಡಮ್ಮ: ಇದು ಪರವಾಗಿಲ್ಲ.

ಹುಡುಗ: ಪರವಾಗಿಲ್ಲ ಅಂದಿರಿ, ಆದರೆ ಪೂರ್ತಿ ಕೇಳಿ. ಅದು ‘ಇಲ್ಲ’ ಅಂತ ಹೇಳುತ್ತೆ, ‘ಯಾಕೆ’ ಅಂತ ಹೇಳಲ್ಲ. ನೀವು ಬೇಗ ಎದ್ದು ದೇವಸ್ಥಾನಕ್ಕೆ ಹೋಗಿ ಫೋನು ಮನೆಯಲ್ಲೇ ಬಿಟ್ಟಿರಬಹುದು. ಆಗ ಅಲ್ಲಿ ರಾತ್ರಿ ಹನ್ನೊಂದೂವರೆ, ಅಣ್ಣ ಹಾಸಿಗೆಯಲ್ಲಿ ಎದ್ದು ಕೂತಿರ್ತಾನೆ. ಕ್ಯಾಮೆರಾ ಇದ್ದರೆ ಒಂದು ಸಲ ಇಣುಕಿ, ಚಪ್ಪಲಿ ಇಲ್ಲ, ಹೂವಿನ ಬುಟ್ಟಿ ಇಲ್ಲ ಅಂತ ಮಲಗ್ತಾನೆ. ನಿಮಗೆ ಬಿಡುವು ಕೊಟ್ಟರೆ ಅವನಿಗೆ ನಿದ್ದೆ ಇಲ್ಲ. ಆ ಖರ್ಚು ಯಾವ ಖಾತೆಗೆ ಹಾಕ್ತೀರಿ?

ದೊಡ್ಡಮ್ಮ ಉತ್ತರ ಕೊಡಲಿಲ್ಲ. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು, ಬರುವಾಗ ಬೇರೆ ವಿಷಯ ಹಿಡಿದು ಬಂದರು. ಇಡೀ ವಾದದಲ್ಲಿ ಹುಡುಗ ಹೇಳಿದ ಅತ್ಯಂತ ಗಟ್ಟಿ ಮಾತು ಇದೇ ಎಂದು ನನಗನಿಸಿತು. ಅದಕ್ಕೆ ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗುವುದಿಲ್ಲ.

ದೊಡ್ಡಮ್ಮ: ಅಡುಗೆಮನೆ ಸಾಲು ಹೊಡೆದುಹಾಕು. ಬೆಳಿಗ್ಗೆ ಪಾತ್ರೆಗೆ ಬರೋಳ ಹತ್ತಿರ ಹಿತ್ತಲ ಬೀಗದ ಕೈ ಇದೆ. ಬೀಗದ ಕೈ ಕೊಟ್ಟು ತಲೆ ಮೇಲೆ ಕ್ಯಾಮೆರಾ ಇಡೋದಾದರೆ ಬೀಗದ ಕೈ ವಾಪಸ್ ತಗೋಬೇಕು. ಎರಡೂ ಒಟ್ಟಿಗೆ ಸಲ್ಲ.

ಹುಡುಗ: ಇದರಲ್ಲಿ ನನಗೆ ತಕರಾರಿಲ್ಲ. ಮನೆಯೊಳಗೆ ಜೊತೆಗೆ ವಾಸ ಇರೋರ ಒಪ್ಪಿಗೆ ಇಲ್ಲದೆ ಕ್ಯಾಮೆರಾ ಇಡೋ ಹಾಗಿಲ್ಲ ಅಂತ ಕಲ್ಕತ್ತಾ ಹೈಕೋರ್ಟು 2025ರಲ್ಲಿ ಹೇಳಿದೆ, ಅಣ್ಣತಮ್ಮಂದಿರ ಜಗಳದ ಕೇಸಿನಲ್ಲಿ.

ದೊಡ್ಡಮ್ಮ: ಪಾತ್ರೆ ತೊಳೆಯೋಳು ಜೊತೆಗೆ ವಾಸ ಇಲ್ಲವಲ್ಲ, ಅವಳಿಗೆ ಆ ತೀರ್ಪು ಸಿಗಲ್ಲ. ಅದಕ್ಕೇ ನಾನೇ ಹೇಳಬೇಕಾಯ್ತು. ಮುಂದೆ? ‘ಸ್ಮಾರ್ಟ್ ಲಾಕ್, ಬೆರಳಚ್ಚು.’

ಹುಡುಗ: ಬೀಗದ ಕೈ ಹುಡುಕೋ ಗೋಳಿಲ್ಲ.

ದೊಡ್ಡಮ್ಮ: ಜೀವನಪೂರ್ತಿ ನೋಟು ಎಣಿಸಿದ ಬೆರಳು ಇದು. ಆಧಾರ್ ಮಾಡಿಸುವಾಗಲೇ ನಾಲ್ಕು ಸಲ ಒತ್ತಿಸಿದರು. ನ್ಯಾಯಬೆಲೆ ಅಂಗಡಿ ಮುಂದೆ ಹೆಬ್ಬೆಟ್ಟು ಬಾರದೆ ನಿಂತಿರೋ ಅಜ್ಜಿಯರನ್ನು ನೋಡ್ತೀನಲ್ಲ. ಮಳೆಯಲ್ಲಿ ನೆನೆದು ನನ್ನ ಬಾಗಿಲ ಮುಂದೆ ನಾನೇ ಹಾಗೆ ನಿಲ್ಲಬೇಕಾ?

ಹುಡುಗ: ಅದಕ್ಕೆ ಮಾಮೂಲಿ ಬೀಗದ ಕೈಯೂ ಇರುತ್ತೆ.

ದೊಡ್ಡಮ್ಮ: ಹಾಗಾದರೆ ಅದಷ್ಟೇ ಸಾಕು. ಹೊಡಿ.

ಆ ಸಾಲು ಸುಲಭವಾಗಿ ಹೋಯಿತು. ಜಟಾಪಟಿ ಮತ್ತೆ ಶುರುವಾದದ್ದು ಪಾಸ್‌ವರ್ಡಿನ ವಿಷಯದಲ್ಲಿ.

ದೊಡ್ಡಮ್ಮ: ಇದನ್ನ ಫಿಟ್ ಮಾಡೋ ಹುಡುಗ ಮೊದಲು ಯಾರ ಮೊಬೈಲಿನಲ್ಲಿ ತೆರೆದು ನೋಡ್ತಾನೆ?

ಹುಡುಗ: ಸಾಮಾನ್ಯವಾಗಿ... ಅವನದ್ದರಲ್ಲೇ. ಸರಿ ಬರ್ತಿದೆಯಾ ಅಂತ ನೋಡೋಕೆ.

ದೊಡ್ಡಮ್ಮ: ಆಮೇಲೆ ತೆಗೀತಾನಾ?

ಹುಡುಗ: ನಾವು ಪಾಸ್‌ವರ್ಡ್ ಬದಲಾಯಿಸಬೇಕು. ಇದರಲ್ಲಿ ನೀವು ಹೇಳೋದಕ್ಕಿಂತ ನಾನೇ ಹೆಚ್ಚು ಹೆದರ್ತೀನಿ. ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ದೃಶ್ಯಗಳು 2025ರಲ್ಲಿ ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಂದಿದ್ದವು, ಕ್ಯಾಮೆರಾಕ್ಕೆ ಕಂಪನಿಯಿಂದ ಬಂದ ಸುಲಭದ ಪಾಸ್‌ವರ್ಡೇ ಉಳಿದಿತ್ತು ಅಂತ ವರದಿಯಾಯಿತು. ಅದಕ್ಕೂ ಮೊದಲು, 2016ರಲ್ಲಿ, ‘ಮಿರಾಯ್’ ಅನ್ನೋ ಪ್ರೋಗ್ರಾಂ ಇಂಥದ್ದೇ ಅರವತ್ತು ಚಿಲ್ಲರೆ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಜಗತ್ತಿನ ಡಿವಿಆರ್, ಕ್ಯಾಮೆರಾಗಳ ಬಾಗಿಲು ತಟ್ಟುತ್ತಾ ಹೋಯಿತು. ತೆರೆದುಕೊಂಡವನ್ನೆಲ್ಲ ಒಟ್ಟುಗೂಡಿಸಿ ನಡೆಸಿದ ದಾಳಿಗೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ನಿಂತವು. ಮನೆಗಳ ಮಾಲೀಕರಿಗೆ ಗೊತ್ತೇ ಇಲ್ಲ, ಅವರ ಕ್ಯಾಮೆರಾ ಅಂಗಳವನ್ನೂ ತೋರಿಸ್ತಾ ಇತ್ತು.

ದೊಡ್ಡಮ್ಮ: ಕಾವಲಿಗೆ ಇಟ್ಟವನೇ ರಾತ್ರಿ ಬೇರೆ ಮನೆ ದೋಚೋಕೆ ಹೋದನಾ! ಕಂಪನಿಯವರಾದರೂ ನೆಟ್ಟಗಿದ್ದಾರಾ?

ಹುಡುಗ: ಅಮೆಜಾನಿನವರ ‘ರಿಂಗ್’ ಅಂತ ಇದೆ. ನೌಕರರು ಗಿರಾಕಿಗಳ ವಿಡಿಯೋ ನೋಡೋಕೆ ಬಿಟ್ಟಿತ್ತು ಅನ್ನೋ ಆರೋಪಕ್ಕೆ 2023ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 58 ಲಕ್ಷ ಡಾಲರ್ ಕಟ್ಟೋಕೆ ಒಪ್ಪಿತು. ನಮ್ಮಲ್ಲೂ ನಿಯಮ ಬಂದಿದೆ. 2025ರ ಏಪ್ರಿಲ್ 9ರಿಂದ ಭದ್ರತಾ ಪರೀಕ್ಷೆ ಪಾಸಾದ ಸಿಸಿಟಿವಿ ಕ್ಯಾಮೆರಾ ಮಾತ್ರ ಮಾರಬೇಕು. ಬಿಲ್ಲು, ಬಿಐಎಸ್ ನೋಂದಣಿ ಸಂಖ್ಯೆ ನೋಡೇ ತಗೊಳ್ಳೋದು. ಕೊಟೇಶನ್ನಲ್ಲಿ ಬ್ರ್ಯಾಂಡಿನ ಹೆಸರೇ ಇಲ್ಲದ ಸಾಲು ಒಂದಿದೆ, ಅದನ್ನ ನಾನೇ ಹೊಡೀತೀನಿ.

ದೊಡ್ಡಮ್ಮ: ಪಾಸ್‌ವರ್ಡು ಯಾರ ಹೆಸರಲ್ಲಿ?

ಹುಡುಗ: ಆಪಿನಲ್ಲಿ ಒಬ್ಬರು ಮಾಲೀಕರಾಗಿರಬೇಕು. ಉಳಿದವರಿಗೆ ಅವರು ನೋಡೋಕೆ ಅವಕಾಶ ಕೊಡಬಹುದು, ತೆಗೆಯಬಹುದು. ನನ್ನ ನಂಬರ್ ಹಾಕಿದರೆ ಅಪ್‌ಡೇಟು ಅದು ಇದು ಎಲ್ಲಾ ನಾನೇ ನೋಡಿಕೊಳ್ತೀನಿ.

ದೊಡ್ಡಮ್ಮ: ನನ್ನ ನಂಬರ್ ಹಾಕು.

ಹುಡುಗ: ದೊಡ್ಡಮ್ಮ, ನಿಮ್ಮ ಫೋನು ಸದಾ ಸೈಲೆಂಟು. ಒಟಿಪಿ ಬಂದರೆ ಯಾರಿಗೂ ಹೇಳಬಾರದು ಅಂತ ‘ಡಿಜಿಟಲ್ ಅರೆಸ್ಟ್’ ಸುದ್ದಿ ನೋಡಿ ನನಗೇ ಹೇಳಲ್ಲ ನೀವು.

ದೊಡ್ಡಮ್ಮ: ಹೇಳಬಾರದು ಅಂತಲೇ ಅಲ್ವಾ ಅದು ಬರೋದು? ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ. ಒಂದು ನನ್ನ ಹತ್ತಿರ, ಒಂದು ಮ್ಯಾನೇಜರ್ ಹತ್ತಿರ. ನಾನು ಒಳ್ಳೆಯವಳು, ಅವರು ಕೆಟ್ಟವರು ಅಂತಲ್ಲ. ಒಬ್ಬರೇ ತೆರೆಯೋ ಹಾಗಿರಬಾರದು ಅಂತ, ಅಷ್ಟೆ. ನಿನ್ನ ಆಪಿನಲ್ಲಿ ಹಾಗೆ ಇದೆಯಾ? ನೀನು ಒತ್ತಬೇಕು, ನಾನೂ ಒತ್ತಬೇಕು, ಆಮೇಲೆ ತೆರೀಬೇಕು.

ಹುಡುಗ: ನನಗೆ ಗೊತ್ತಿರೋ ಮನೆ ಕ್ಯಾಮೆರಾ ಯಾವುದರಲ್ಲೂ ಇಲ್ಲ. ಇದ್ದರೂ ಪ್ರಯೋಜನ ಇಲ್ಲ. ನೀವು ಬಿದ್ದಿರೋ ದಿನ ಎರಡನೇ ಬೀಗದ ಕೈ ಒತ್ತೋರು ಯಾರು?

ದೊಡ್ಡಮ್ಮ: ಮ್ಯಾನೇಜರ್ ರಜೆ ಹಾಕಿದರೆ ಬೀಗದ ಕೈ ಇನ್ನೊಬ್ಬ ಆಫೀಸರಿಗೆ ಬರೆದುಕೊಟ್ಟು ಹೋಗ್ತಿದ್ದರು. ನನ್ನದನ್ನ ಇವರ ಹತ್ತಿರ ಇಡ್ತೀನಿ.

ಮತ್ತೆ ನಾನು. ಈ ಸಲ ತಲೆಯಾಡಿಸುವ ಮೊದಲು, ನಾವು ಬಾಡಿಗೆಯವರು, ಎಷ್ಟು ದಿನ ಇರುತ್ತೇವೋ ಎಂದೆ. ಇರುವಷ್ಟು ದಿನ ಎಂದರು ದೊಡ್ಡಮ್ಮ.

ಹುಡುಗ ಪೆನ್ನು ತೆಗೆದು ಕೊಟೇಶನ್ ತಿದ್ದತೊಡಗಿದ. ಎಂಟನ್ನು ಹೊಡೆದು ಎರಡು ಮಾಡಿದ. ಬಾಗಿಲ ಸೆನ್ಸರ್, ಸೈರನ್, ರೌಟರಿನ ಯುಪಿಎಸ್ ಉಳಿದವು. ಸ್ಮಾರ್ಟ್ ಲಾಕ್, ಅಡುಗೆಮನೆ ಹೋದವು. ಮೇಲುಗಡೆ ಖಾಲಿ ಜಾಗದಲ್ಲಿ ‘ಹಿತ್ತಲ ಬಾಗಿಲು, ಬಡಗಿ’ ಎಂದು ಬರೆದ. ಚೆಕ್ಕಿನಲ್ಲಿ ತಿದ್ದಿದ ಕಡೆ ಹಾಕುವ ಹಾಗೆ ದೊಡ್ಡಮ್ಮ ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ಪುಟ್ಟದಾಗಿ ಸಹಿ ಹಾಕುತ್ತಾ ಬಂದರು. ಹಾಲಿನ ಸಾಲನ್ನು ಅವನು ಹೊಡೆಯಲಿಲ್ಲ, ಮುಂದೆ ಪ್ರಶ್ನೆ ಚಿಹ್ನೆ ಹಾಕಿದ. ಅದರ ಪಕ್ಕ ಅವರು ಸಹಿ ಹಾಕಲಿಲ್ಲ.

ಹುಡುಗ: ಅಣ್ಣ ಸಂಜೆ ಫೋನ್ ಮಾಡ್ತಾನೆ. ಇದಕ್ಕೆ ಏನು ಹೇಳಲಿ?

ದೊಡ್ಡಮ್ಮ: ಪೆಂಡಿಂಗ್ ಅನ್ನು. ಅವನಿಗೆ ನಿದ್ದೆ ಬರಲ್ಲ ಅನ್ನೋದನ್ನ ಅವನೇ ನನಗೆ ಹೇಳಲಿ. ನೀನು ಮೊದಲು ಬಡಗಿಗೆ ಫೋನ್ ಮಾಡು, ಸೋಮವಾರ ಬರ್ತೀನಿ ಅಂದು ಗುರುವಾರ ಬರೋ ಗಿರಾಕಿ ಅವನು.